ಯಂತ್ರನಿರ್ಮಿತ ಮಾಯಾಲೋಕ ಮತ್ತು ಮಾನವನ ಮನಸ್ಸು

ಮಬ್ಬುಗತ್ತಲಲ್ಲಿ ಬಿದ್ದಿರುವ ಹಗ್ಗವನ್ನು ಹಾವೆಂದು ಭ್ರಮಿಸಿ ಬೆದರುವವನ ದೃಷ್ಟಾಂತವು ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ದೀಪ ತಂದೊಡನೆ ಹಾವು ಮಾಯವಾಗುತ್ತದೆ. ಅದರೊಡನೆ ಭಯವೂ ಅಳಿಯುತ್ತದೆ. ಅರಿವಿನ ಮುಂದೆ ಭ್ರಾಂತಿ ನಿಲ್ಲಲಾರದೆಂಬುದೇ ಈ ದೃಷ್ಟಾಂತದ ಸಾರ. ಆದರೆ ಕಳೆದ ಕೆಲವು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗಗಳು ಇದಕ್ಕಿಂತ ಭಿನ್ನವಾದ ಸಂಗತಿಯೊಂದನ್ನು ಬೆಳಕಿಗೆ ತಂದಿವೆ. ದೀಪವು ಉರಿಯುತ್ತಿರುವಾಗಲೂ, ಕಾಣುತ್ತಿರುವುದು ಹಗ್ಗವೇ ಎಂಬುದನ್ನು ಬುದ್ಧಿಯು ಬಲ್ಲದಾದರೂ, ದೇಹವು ನಡುಗಬಲ್ಲದು.

ಇಂತಹ ಭ್ರಾಂತಿಯನ್ನು ಉದ್ದೇಶಪೂರ್ವಕವಾಗಿ ನಿರ್ಮಿಸುವ ವಿಧಾನಕ್ಕೆ ‘ವರ್ಚುವಲ್ ರಿಯಾಲಿಟಿ’ ಎಂದು ಹೆಸರು. ಕನ್ನಡದಲ್ಲಿ ಇದನ್ನು ಮಿಥ್ಯಾವಾಸ್ತವವೆನ್ನಬಹುದು. ೧೯೬೮ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಅವರು ತಲೆಗೆ ಧರಿಸುವ ದರ್ಶಕಯಂತ್ರವೊಂದನ್ನು ರಚಿಸಿದರು. ಎರಡು ಕಣ್ಣುಗಳಿಗೂ ತುಸು ಬೇರೆಬೇರೆಯಾದ ಚಿತ್ರಗಳನ್ನು ತೋರಿಸಿ, ತಲೆ ತಿರುಗಿದಂತೆಲ್ಲ ಆ ಚಿತ್ರಗಳನ್ನೂ ತಕ್ಕಂತೆ ಬದಲಿಸುವುದು ಅದರ ತತ್ತ್ವ. ಆಗ ನೋಡುವವನಿಗೆ ತಾನು ಚಿತ್ರದ ಎದುರಿಗಲ್ಲ, ಚಿತ್ರದೊಳಗೇ ನಿಂತಿರುವಂತೆ ಭಾಸವಾಗುತ್ತದೆ.

ಈ ಭಾಸದ ಬಲವೆಷ್ಟೆಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮೆಲ್ ಸ್ಲೇಟರ್ ಮತ್ತು ಅವರ ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸುತ್ತದೆ. ಗಣಕಯಂತ್ರವು ಸೃಷ್ಟಿಸಿದ ಮಹಿಳೆಯೊಬ್ಬಳು ಪದಗಳನ್ನು ನೆನಪಿನಿಂದ ಹೇಳುವಾಗ ತಪ್ಪಿದರೆ, ಆಕೆಗೆ ವಿದ್ಯುದಾಘಾತ ನೀಡಬೇಕೆಂದು ೩೪ ಮಂದಿಗೆ ತಿಳಿಸಲಾಯಿತು. ಮಹಿಳೆಯೂ ನಿಜವಲ್ಲ, ಆಘಾತವೂ ನಿಜವಲ್ಲವೆಂದು ಅವರೆಲ್ಲರೂ ಬಲ್ಲರು. ಹಾಗಿದ್ದರೂ ಆಕೆ ನೋವಿನಿಂದ ಪ್ರತಿಭಟಿಸಿದಾಗ ಅವರಲ್ಲಿ ನಿಜವಾದ ಉದ್ವೇಗವೇ ತಲೆದೋರಿದುದನ್ನು ದೇಹಸ್ಥಿತಿಯನ್ನಳೆಯುವ ಉಪಕರಣಗಳು ದಾಖಲಿಸಿದವು. ಆಕೆಯನ್ನು ಕಣ್ಣಾರೆ ಕಂಡು, ದನಿಯನ್ನು ಕಿವಿಯಾರೆ ಕೇಳಿದವರು ೨೩ ಮಂದಿ. ಅವರಲ್ಲಿ ೬ ಮಂದಿ ೨೦ ಆಘಾತಗಳು ಪೂರ್ಣವಾಗುವ ಮೊದಲೇ ಕೈಬಿಟ್ಟರು. ಉಳಿದ ೧೧ ಮಂದಿಗಾದರೋ ಆರಂಭದ ಪರಿಚಯವಾದ ಬಳಿಕ ಆಕೆಯ ಉತ್ತರಗಳು ಅಕ್ಷರರೂಪದಲ್ಲಿ ಮಾತ್ರ ತಲುಪುತ್ತಿದ್ದವು. ಅವರಲ್ಲಿ ಒಬ್ಬರೂ ನಡುವೆ ನಿಲ್ಲಿಸಲಿಲ್ಲ.

ಈ ಕೊನೆಯ ಸಂಗತಿಯು ವಿಶೇಷವಾಗಿ ಚಿಂತನಾರ್ಹವಾದುದು. ಮುಖವು ಮರೆಯಾಗಿ ಅಕ್ಷರವಷ್ಟೇ ಉಳಿದಾಗ ಕೈಯನ್ನು ತಡೆಯುವ ಕನಿಕರವೂ ಕುಗ್ಗುತ್ತದೆ. ಗಣಕಜಾಲದಲ್ಲಿ ಜನರು ಎದುರಾಎದುರು ಆಡಲಾರದ ಮಾತುಗಳನ್ನು ಆಡಲು ಹಿಂಜರಿಯದಿರುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸುಲರ್ ಅವರು ೨೦೦೪ರಲ್ಲಿ ವಿವರಿಸಿದರು. ಹೆಸರು ತಿಳಿಯದಿರುವುದು, ಮುಖ ಕಾಣದಿರುವುದು, ಉತ್ತರವು ತಡವಾಗಿ ಬರುವುದು ಮೊದಲಾದವು ಅವರು ಗುರುತಿಸಿದ ಕಾರಣಗಳು. ಇದೇ ಸಡಿಲಿಕೆಯಿಂದ ಕೆಲವರು ಹೇಳಿಕೊಳ್ಳಲಾಗದ ದುಃಖವನ್ನು ತೋಡಿಕೊಂಡು ಹಗುರಾಗುತ್ತಾರೆಂಬುದನ್ನೂ ಅವರು ಮರೆಯಲಿಲ್ಲ.

ದೇಹವು ಮಿಥ್ಯೆಗೂ ಸ್ಪಂದಿಸುವುದಾದರೆ ಅದನ್ನು ಹಿತಕ್ಕಾಗಿ ಬಳಸಬಾರದೇಕೆ? ೧೯೯೫ರಲ್ಲಿ ಬಾರ್ಬರಾ ರಾತ್‌ಬಾಮ್ ಮತ್ತು ಸಹೋದ್ಯೋಗಿಗಳು ಎತ್ತರಕ್ಕೆ ಅಂಜುವ ವಿದ್ಯಾರ್ಥಿಗಳನ್ನು ಕೃತಕ ಸೇತುವೆ, ಉಪ್ಪರಿಗೆಗಳ ಮೇಲೆ ಹಂತಹಂತವಾಗಿ ನಿಲ್ಲಿಸಿ, ಅವರ ಅಂಜಿಕೆಯನ್ನು ಗಣನೀಯವಾಗಿ ಇಳಿಸಿದರು. ಸಿಯಾಟಲ್ ನಗರದಲ್ಲಿ ಹಂಟರ್ ಹಾಫ್‌ಮನ್ ಅವರು ಸುಟ್ಟಗಾಯಗಳ ರೋಗಿಗಳಿಗೆ ಹಿಮಕಣಿವೆಯೊಂದರ ಮಾಯಾದೃಶ್ಯವನ್ನು ತೋರಿಸಿದರು. ಗಾಯದ ಶುಶ್ರೂಷೆಯ ವೇಳೆ ಅದರಲ್ಲಿ ಮಗ್ನರಾದ ರೋಗಿಗಳಿಗೆ ನೋವಿನ ಅನುಭವ ಕಡಿಮೆಯಾಯಿತು.

ಈ ಸಂಶೋಧನೆಗಳು ಶಾಲೆಗೆ ದೂರವಾದುವಲ್ಲ. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ತರಗತಿಗಳ ಬಾಗಿಲು ಮುಚ್ಚಿ ಪಾಠವು ಪರದೆಯನ್ನೇರಿದಾಗ, ಕುಳಿತಲ್ಲೇ ಬಳಲಿದ ಶಿಕ್ಷಕರು ಅನೇಕರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲನ್‌ಸನ್ ಅವರು ೨೦೨೧ರಲ್ಲಿ ಇದಕ್ಕೆ ನಾಲ್ಕು ಕಾರಣಗಳನ್ನು ಮುಂದಿಟ್ಟರು: ಅತಿ ಸಮೀಪದಲ್ಲಿ ಸದಾ ನೆಟ್ಟಿರುವ ಅನ್ಯರ ನೋಟ, ತನ್ನ ಮುಖವನ್ನೇ ತಾನು ನೋಡುತ್ತಿರಬೇಕಾದುದು, ಚಲನೆಗೆ ಬಿದ್ದ ಕಟ್ಟು, ಮತ್ತು ಸಂಜ್ಞೆಗಳನ್ನು ಗ್ರಹಿಸಲು ಮನಸ್ಸಿಗೊದಗುವ ಹೆಚ್ಚಿನ ಶ್ರಮ.

ಪರದೆಯ ಮೇಲಿನದು ‘ಸುಳ್ಳು’ ಎಂದು ಮಕ್ಕಳಿಗೆ ತಿಳಿಹೇಳಿದ ಮಾತ್ರಕ್ಕೆ ಶಿಕ್ಷಕರ ಹೊಣೆ ತೀರಲಾರದು. ಸುಳ್ಳೆಂದು ಬಲ್ಲವರ ಎದೆಯೂ ಬಡಿದುಕೊಂಡುದನ್ನು ಲಂಡನ್ನಿನ ಪ್ರಯೋಗದಲ್ಲಿ ಕಂಡೆವಷ್ಟೆ. ಅಲ್ಲಿ ಅವರು ಏನನ್ನು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂಬುದನ್ನು ಗಮನಿಸುವುದರ ಜೊತೆಗೆ, ತಾವು ಬರೆದು ಕಳುಹಿಸುವ ಪ್ರತಿಯೊಂದು ಸಾಲನ್ನೂ ಆಚೆ ಓದುವ ಮುಖವೊಂದಿದೆಯೆಂಬುದನ್ನು ಅವರಿಗೆ ಮತ್ತೆ ಮತ್ತೆ ನೆನಪಿಸುವುದು ಇಂದಿನ ಶಿಕ್ಷಣದ ಅವಶ್ಯ ಕರ್ತವ್ಯವಾಗಿದೆ.