ನಡುಮನೆಯ ಮಂಚ

ತಿಪಟೂರು ಸೀಮೆಯ ಹಳೇ ಮನೆಗಳಲ್ಲಿ ಅಟ್ಟ ಇರಲೇಬೇಕು. ಕಿತ್ತು ತಂದ ತೆಂಗಿನಕಾಯಿ ಅಲ್ಲಿಗೇರಿ, ಹತ್ತು ಹನ್ನೊಂದು ತಿಂಗಳು ಒಳಗೊಳಗೇ ನೀರಾರಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಉಂಡೆ ಕೊಬ್ಬರಿಯಾಗುತ್ತದೆ. ದೊಡ್ಡಮ್ಮನ ಮನೆಯ ಅಟ್ಟ ಈ ಸಲವೂ ತುಂಬಿದೆ. ಅದರ ಕೆಳಗೆ, ನಡುಮನೆಯಲ್ಲಿ, ಕೋಣೆಯ ಮಂಚವನ್ನು ತಂದು ಹಾಕಿದ್ದಾರೆ. ತಲೆಯ ಕಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ. ಗಾಳಿಹಾಸಿಗೆಯ ಪಂಪು ಗುಂಯ್ ಅನ್ನುತ್ತಲೇ ಇರುತ್ತದೆ. ಕರೆಂಟು ಹೋದರೆ ಯಾರು ಎಲ್ಲಿದ್ದರೂ ಒಮ್ಮೆ ಆ ಕಡೆ ತಿರುಗುತ್ತಾರೆ. ಮಂಚದ ಪಕ್ಕ, ಕೈಗೆಟಕುವಂತೆ, ಸ್ಟೀಲ್ ತಟ್ಟೆ ಮತ್ತು ಚಮಚ. ಮಾತು ಹೊರಡದ ದೊಡ್ಡಮ್ಮ ಟಣ್ ಎನಿಸಿದರೆ ಅಡುಗೆಮನೆಯಿಂದ ಅತ್ತಿಗೆ ಓಡಿ ಬರುತ್ತಾರೆ.

ಕಾಯಿಲೆ ಶುರುವಾದದ್ದು ಎಡ ಕೆನ್ನೆಯ ಒಳಗೆ. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿಯ ಉಂಡೆಯನ್ನು ಆ ದವಡೆಗೆ ಒತ್ತಿಕೊಂಡು ಕಳೆ ಕೀಳಲು ಕೂತರೆ ಮಧ್ಯಾಹ್ನದ ಹಸಿವೇ ಗೊತ್ತಾಗುತ್ತಿರಲಿಲ್ಲವಂತೆ. ಹೊಗೆಸೊಪ್ಪು ಮಾತ್ರವಲ್ಲ, ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಆ ಸುದ್ದಿ ಹೊಲದ ಬದುವಿಗೆ ಬರಲಿಲ್ಲ. ಆಪರೇಷನ್ ಆಯಿತು, ಕರೆಂಟು (ರೇಡಿಯೇಷನ್) ಕೊಡಿಸಿದ್ದಾಯಿತು, ಗಡ್ಡೆ ಮತ್ತೆ ಬಂತು. “ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೇಲಿಟ್ಟು ನೋಡ್ಕೊಳ್ಳಿ” ಎಂದು ಕಳಿಸಿದರು. ಹಾಗೆ ಕಳಿಸಿದ ದಿನದಿಂದ ಈ ಮನೆಯಲ್ಲಿ ಕೆಲಸವೋ ಕೆಲಸ.

ಊಟ ಮೂಗಿನಿಂದ ಹೊಟ್ಟೆಗಿಳಿದ ತೆಳ್ಳನೆಯ ನಳಿಗೆಯಲ್ಲಿ. ಆಸ್ಪತ್ರೆಯ ರೈಲ್ಸ್ ಟ್ಯೂಬು ಇಲ್ಲಿ ‘ಪೈಪು’. ಅತ್ತಿಗೆ ರಾಗಿ ಅಂಬಲಿ ಕಾಸಿ ಹಳೇ ಪಂಚೆಯ ತುಂಡಿನಲ್ಲಿ ಸೋಸುತ್ತಾರೆ. ಒಂದು ಗಂಟು ಉಳಿದರೂ ಪೈಪು ಕಟ್ಟಿಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಬೇಳೆಕಟ್ಟು, ಅದರಲ್ಲಿ ನುಣ್ಣಗೆ ರುಬ್ಬಿದ ತರಕಾರಿ. ಮುಂಗೈ ಮೇಲೆ ಹನಿ ಬಿಟ್ಟು ಬಿಸಿ ನೋಡುತ್ತಾರೆ. ಮೂಗಿನ ಹತ್ತಿರ ಪೈಪಿನ ಮೇಲೆ ಹಾಕಿದ ಗುರುತು ಜರುಗಿದೆಯೇ ನೋಡುತ್ತಾರೆ. ಸಿರಿಂಜಿನಿಂದ ಮೆಲ್ಲಗೆ ಎಳೆದು ಹೊಟ್ಟೆಯ ನೀರು ಬಂದ ಮೇಲೆಯೇ ಮುಂದಿನದು. ಸಿರಿಂಜಿನ ಒಳಗಿನ ದಂಟು ತೆಗೆದು, ಬರಿಯ ಕೊಳವೆಯನ್ನು ಎತ್ತಿ ಹಿಡಿದು ಸುರಿಯುತ್ತಾರೆ. ತಳ್ಳುವಂತಿಲ್ಲ, ತಾನಾಗಿ ಇಳಿಯಬೇಕು. ಅಷ್ಟು ಹೊತ್ತೂ ಆ ಕೈ ಕೆಳಗಿಳಿಯುವುದಿಲ್ಲ. ಕೊನೆಗೆ ಕಾಸಿ ಆರಿಸಿದ ನೀರು ಬಿಟ್ಟು ಪೈಪು ತೊಳೆದು, ಮತ್ತರ್ಧ ಗಂಟೆ ದೊಡ್ಡಮ್ಮನನ್ನು ಒರಗಿಸಿಯೇ ಕೂರಿಸುತ್ತಾರೆ.

ಒಂದು ಮಧ್ಯಾಹ್ನ ಮನೆಯವರಿಗೆ ಹುರುಳಿಕಾಳಿನ ಸಾರಾಗಿತ್ತು. ಒಗ್ಗರಣೆ ಚುರ್ ಅಂದದ್ದೇ ತಟ್ಟೆ ಟಣ್ ಅಂತು. ಅತ್ತಿಗೆ ಬೆಳ್ಳುಳ್ಳಿ ಇನ್ನೂ ಸಿಡಿಯುತ್ತಿದ್ದ ಸೌಟನ್ನೇ ತಂದು ಮುಂದೆ ಹಿಡಿದರು. ದೊಡ್ಡಮ್ಮ ಕಣ್ಣು ಮುಚ್ಚಿ ಪೂರ್ತಿ ಉಸಿರೆಳೆದುಕೊಂಡು, ಎರಡು ಬೆರಳು ಜೋಡಿಸಿ ಚಿಟಿಕೆ ತೋರಿಸಿದರು. ಉಪ್ಪು ಕಡಿಮೆ. ಹೋಗಿ ನೋಡಿದರೆ ನಿಜವಾಗಿಯೂ ಕಡಿಮೆಯಿತ್ತು.

ಗಾಯಕ್ಕೆ ಬೆಳಗಿನ ಹೊತ್ತು ಮೀಸಲು. ಕೆನ್ನೆ ತೂತು ಬಿದ್ದಿದೆ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ಹಳೇ ಬಟ್ಟೆಯನ್ನು ಪೂರ್ತಿ ನೆನೆಸಿದ ಮೇಲೆಯೇ ಬಿಡಿಸಬೇಕು. ಒಣಗಿದ್ದನ್ನು ಕಿತ್ತರೆ ರಕ್ತ. ವಾಸನೆ ಮೊದಮೊದಲು ಮನೆಯನ್ನೆಲ್ಲ ಹಿಡಿದಿತ್ತು. ಊದುಬತ್ತಿ ಹಚ್ಚಿದರು, ಕರ್ಪೂರ ಇಟ್ಟರು. ಉಪಯೋಗಕ್ಕೆ ಬಂದದ್ದು ಮೆಟ್ರೊನಿಡಜೋಲ್ ಮಾತ್ರೆಯ ಪುಡಿ. ನರ್ಸಮ್ಮ ಒಬ್ಬರು ಹೇಳಿಕೊಟ್ಟಂತೆ ಕುಟ್ಟಿ ಗಾಯದ ಮೇಲೆ ಉದುರಿಸಿದ ಕೆಲವೇ ದಿನಕ್ಕೆ ಮೊಮ್ಮಗಳು ಮತ್ತೆ ಮಂಚದ ಹತ್ತಿರ ಕೂತು ಓದತೊಡಗಿದಳು. ದುಬಾರಿಯಲ್ಲದ ಈ ಮಾತ್ರೆ ಅಜ್ಜಿಯ ಹತ್ತಿರಕ್ಕೆ ಮಗುವನ್ನು ಕರೆತಂದಿತು. ಆಸ್ಪತ್ರೆಯಿಂದ ಕಳಿಸುವಾಗಲೇ ಪ್ರತಿಯೊಬ್ಬರಿಗೂ ಇದನ್ನು ಹೇಳಿಕೊಡಬೇಕಲ್ಲವೇ? ದಿಂಬಿನ ಕೆಳಗೆ ಗಾಢ ಕೆಂಪು ಟವೆಲ್ಲು ಮಡಿಸಿಟ್ಟಿದೆ. ರಕ್ತ ಹರಿದರೆ ಒತ್ತಿ ಹಿಡಿಯುವುದಕ್ಕೆ. ಕೆಂಪಿನ ಮೇಲೆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ರೋಗಿ ಹೆದರುವುದಿಲ್ಲ.

ನೋವಿನ ಲೆಕ್ಕ ಬರೆಯುವುದು ಕೊಬ್ಬರಿ ಲೆಕ್ಕದ ಪುಸ್ತಕದಲ್ಲೇ. ಮುಂದಿನ ಹಾಳೆಗಳಲ್ಲಿ ಮೂಟೆ, ಕ್ವಿಂಟಾಲು, ದರ. ಹಿಂದಿನಿಂದ ಅತ್ತಿಗೆಯ ಅಕ್ಷರದಲ್ಲಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮಾರ್ಫಿನ್ನು. ನಾಲ್ಕು ಗಂಟೆಗೊಮ್ಮೆ, ನೋವು ಬರಲಿ ಎಂದು ಕಾಯದೆ, ನೀರಿನಲ್ಲಿ ಕರಗಿಸಿ ಪೈಪಿನಲ್ಲಿ. ರಾತ್ರಿ ಹತ್ತಕ್ಕೆ ಎರಡರಷ್ಟು, ನಡುರಾತ್ರಿ ಎಬ್ಬಿಸದಿರಲು ಡಾಕ್ಟರೇ ಹಾಗೆ ಬರೆದುಕೊಟ್ಟಿದ್ದಾರೆ. ಮಾರ್ಫಿನ್ನು ಮಲ ಕಟ್ಟುವುದರಿಂದ ಜೊತೆಗೇ ಭೇದಿ ಮಾತ್ರೆ. “ಅಫೀಮು ಕೊಡ್ತೀರಂತೆ, ಚಟ ಹತ್ತಲ್ವ?” ಎಂದು ಬಂದವರು ಕೇಳುತ್ತಾರೆ. ಹಿಂದೆ ತಲೆ ಹಿಡಿದುಕೊಂಡು ಗೋಡೆಗೆ ಬಡಿದುಕೊಳ್ಳುತ್ತಿದ್ದವರು ಈಗ ರಾತ್ರಿ ನಿದ್ದೆ ಮಾಡುತ್ತಾರೆ, ಎದ್ದಾಗ ಅಟ್ಟದ ಕಡೆ ಕೈ ತೋರಿಸಿ ಕಾಯಿ ಒಣಗಿದವೇ ಎಂದು ವಿಚಾರಿಸುತ್ತಾರೆ.

ಮಾರ್ಫಿನ್ ಮಾತ್ರೆ ಊರಿನ ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗಲಿಲ್ಲ. ಅಣ್ಣ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ತರಬೇಕು. ಮಧ್ಯಪ್ರದೇಶ, ರಾಜಸ್ಥಾನದ ಹೊಲಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಮಾರ್ಫಿನ್ನಿನ ಮೂಲವಾದ ಅಫೀಮು ಬೆಳೆಯುತ್ತಾರೆ, ಅದು ಹೊರದೇಶಕ್ಕೂ ಹೋಗುತ್ತದೆ. ಆದರೆ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಲ್ಲಿ ಇಲ್ಲಿನ ಆಸ್ಪತ್ರೆಗಳೂ ಅಂಗಡಿಗಳೂ ಮಾರ್ಫಿನ್ನಿನ ಸಹವಾಸವೇ ಬೇಡವೆಂದವು. 2014ರಲ್ಲಿ ಕಾಯ್ದೆ ಸಡಿಲಿಸಿದರೂ ಆ ಭಯ ಹೋಗಿಲ್ಲ. ಬೆಂಗಳೂರಿನ ಕರುಣಾಶ್ರಯ ಎಂಬ ಸಂಸ್ಥೆ ಇಂಥ ರೋಗಿಗಳಿಗೆ ದುಡ್ಡು ತೆಗೆದುಕೊಳ್ಳದೆ ಮನೆಬಾಗಿಲಿಗೆ ನರ್ಸುಗಳನ್ನು ಕಳಿಸುತ್ತದೆ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಇಂಥದೇ ಆರೈಕೆಯ ಕೆಲಸ 2008ರ ಹೊತ್ತಿಗೆ ಸರ್ಕಾರದ ನೀತಿಯೇ ಆಯಿತು. ಅಲ್ಲಿ ಪಂಚಾಯಿತಿಯ ನರ್ಸು ಮನೆಗೆ ಬರುತ್ತಾರೆ. ನಮ್ಮ ತಾಲ್ಲೂಕುಗಳಿಗೂ ಅದು ಬರಲೇಬೇಕು. ನಿಲ್ಲಿಸಬಹುದಾದ ನೋವನ್ನು ಉಣ್ಣಿಸುವುದು ಅನ್ಯಾಯ.

ನೋಡಲು ಬರುವವರ ಕೈಯಲ್ಲಿ ಮೂಸಂಬಿ, ಹಾರ್ಲಿಕ್ಸ್. ಅಳುವವರು ಅಳುತ್ತಾರೆ, ಮಗ್ಗುಲಲ್ಲೇ ಕೂತು “ಹೆಂಗಿದ್ದೋಳು ಹೆಂಗಾಗೋದ್ಲು” ಎನ್ನುತ್ತಾರೆ, ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂಬುದನ್ನು ಮರೆತು. ಅಂಟುತ್ತದೆಂದು ಹೆದರಿ ಕಾಫಿ ಕುಡಿಯದೆ ಎದ್ದವರೂ ಇದ್ದಾರೆ. ಅತ್ತಿಗೆ ಸೊಂಟ ಹಿಡಿದುಕೊಂಡು ನಿಂತಿರುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬದಲಿಸಿ ಆ ಸೊಂಟ ಹೋಗಿದೆ. ಯುಗಾದಿಗೂ ತವರಿಗೆ ಹೋಗಲಿಲ್ಲ, ಊಟ ನಿಂತೇ. ನೀನು ಹೇಗಿದ್ದೀಯ ಎಂದು ಯಾರೂ ಕೇಳಿದ್ದನ್ನು ನಾನು ನೋಡಲಿಲ್ಲ. ಅಣ್ಣ ಸಂಜೆಯ ಪಾಳಿಯನ್ನು ತಾನೇ ತೆಗೆದುಕೊಂಡಿದ್ದಾನೆ, ತಾಯಿಯ ಕೂದಲು ಬಾಚುವುದನ್ನೂ ಕಲಿತಿದ್ದಾನೆ. ಗಂಡಸರು ಈ ಕೆಲಸಕ್ಕೆ ಕೈ ಹಾಕಿದ ಮನೆಗಳಲ್ಲಿ ಮಾತ್ರ ಹೆಂಗಸರು ಒಂದಿಷ್ಟು ಕಣ್ಣು ಮುಚ್ಚುತ್ತಾರೆ.

ಮೊನ್ನೆ ಹಿಂದಿನ ಬೀದಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಗಂಡನನ್ನು ಆಸ್ಪತ್ರೆಯಿಂದ ಕಳಿಸಿದ್ದಾರೆ, ಮೂಗಲ್ಲಿ ಪೈಪಿದೆ, ಮುಟ್ಟೋಕೇ ಭಯ ಅಂದಳು. ಅತ್ತಿಗೆ ಅವಳ ಕೈಗೇ ಸಿರಿಂಜು ಕೊಟ್ಟು ದೊಡ್ಡಮ್ಮನ ಪಕ್ಕ ಕೂರಿಸಿದರು. ಅಂಬಲಿ ಸುರಿಯುವಾಗ ಅವಳ ಕೈ ಕೆಳಗಿಳಿದಾಗಲೆಲ್ಲ ದೊಡ್ಡಮ್ಮನೇ ಮೊಣಕೈ ಹಿಡಿದು ಮೇಲೆತ್ತಿದರು.

“ಮಾತ್ರೆ ಎಷ್ಟು ದಿನಕ್ಕೆ ಕೊಟ್ಟವ್ರೆ?” ಅತ್ತಿಗೆ ಕೇಳಿದರು.

“ವಾರಕ್ಕೆ, ಅಕ್ಕ.”

“ಹಂಗಾದ್ರೆ ಶುಕ್ರವಾರ ನಮ್ಮನೆಯವರ ಜೊತೆ ನಿಮ್ಮ ಹುಡುಗನ್ನೂ ರೈಲಿಗೆ ಕಳ್ಸು. ಡಾಕ್ಟ್ರ ಚೀಟಿ, ಆಧಾರ್ ಕಾರ್ಡು ಎರಡೂ ಇರ್ಲಿ. ಭೇದಿ ಮಾತ್ರೆನೂ ಕೇಳಿಸ್ಕೊಂಡು ಬರೋಕೆ ಹೇಳು, ಅವರಾಗೇ ಕೊಡೋದು ಮರ್ತುಬಿಡ್ತಾರೆ.”