ಡಿಪ್‌ಸ್ಟಿಕ್ ಹೇಳುವ ಅರ್ಧಸತ್ಯ

ತಪ್ಪು ಕಲ್ಪನೆ: ಸರ್ವಿಸ್ ಮಾಡಿಸಿ ವಾರವಾಗಿಲ್ಲ, ಆಯಿಲ್ ಆಗಲೇ ಕಪ್ಪು. ಗ್ಯಾರೇಜಿನವರು ಹಳೆಯದನ್ನೇ ಬಿಟ್ಟಿದ್ದಾರೆ.

ವಾಸ್ತವ: ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕಪ್ಪಾಗಲು ವಾರವೇನೂ ಬೇಡ, ಒಂದೆರಡು ಓಟ ಸಾಕು. ಒತ್ತಿ ಕಾಯಿಸಿದ ಗಾಳಿಗೆ ಕೊನೆಗಳಿಗೆಯಲ್ಲಿ ಡೀಸೆಲ್ ಚಿಮ್ಮುತ್ತದೆ. ಪೂರ್ತಿ ಬೆರೆಯಲು ಅದಕ್ಕೆ ಪುರುಸೊತ್ತಿಲ್ಲ. ಸರಿಯಾಗಿ ಉರಿಯದ ಪಾಲು ಮಸಿಯಾಗಿ, ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಆಯಿಲ್ ಸೇರುತ್ತದೆ. ಆ ಕಣಗಳು ಒಂದಕ್ಕೊಂದು ಅಂಟದಂತೆ ಬಿಡಿಬಿಡಿಯಾಗಿ ತೇಲಿಸಿಡಲೆಂದೇ ಆಯಿಲ್‌ಗೆ ರಾಸಾಯನಿಕ ಬೆರೆಸಿರುತ್ತಾರೆ. ಅಂದರೆ ಕಪ್ಪು ಬಣ್ಣ ಕಂಡರೆ ಆಯಿಲ್ ದುಡಿಯುತ್ತಿದೆ ಎಂದಷ್ಟೇ. ಆ ರಾಸಾಯನಿಕ ಇನ್ನೆಷ್ಟು ಉಳಿದಿದೆ ಎಂಬುದು ಮಾತ್ರ ಬಣ್ಣದಲ್ಲಿ ಕಾಣದು. ಬೆರಳಿಗೆ ಹಚ್ಚಿ ಉಜ್ಜಿ ತಲೆಯಾಡಿಸುವ ನಮ್ಮ ಪರೀಕ್ಷೆಗೂ ಸಿಗದು. ರಾಸಾಯನಿಕ ಮುಗಿದ ಮೇಲೆ ಮಸಿ ಗುಂಪುಗೂಡಿ ಆಯಿಲ್ ಗಟ್ಟಿಯಾಗುತ್ತದೆ, ಗಸಿ ಕಟ್ಟುತ್ತದೆ. ಹಲವೊಮ್ಮೆ ಮೊದಲ ಏಟು ಟರ್ಬೊಗೆ. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನೂ ದಾಟಬಲ್ಲ ಅದರ ಶಾಫ್ಟ್ ತಿರುಗುವುದು ಸಣ್ಣ ಪೈಪಿನಲ್ಲಿ ಬರುವ ಆಯಿಲ್‌ನ ತೆಳುಪದರದ ಮೇಲೆ.

ತಪ್ಪು ಕಲ್ಪನೆ: ಆಗಾಗ ಟಾಪ್‌ಅಪ್ ಮಾಡಿದರೆ ಸಾಕು.

ವಾಸ್ತವ: ಮೇಲೆ ಅರ್ಧ ಲೀಟರ್ ಸುರಿದರೆ ಒಳಗಿನ ಮಸಿ ಎಲ್ಲಿಗೂ ಹೋಗುವುದಿಲ್ಲ. ಬಿಡಿಯಾಗಿ ತೇಲುವ ಕಣಗಳು ಫಿಲ್ಟರಿಗೂ ಸಿಕ್ಕದಷ್ಟು ಸಣ್ಣವು. ಡ್ರೈನ್ ಬೋಲ್ಟ್ ಬಿಚ್ಚಲೇಬೇಕು.

ತಪ್ಪು ಕಲ್ಪನೆ: ಆಯಿಲ್ ಒಂದಿಷ್ಟೂ ಇಳಿದಿಲ್ಲ, ತುಸು ಏರಿದಂತೆಯೇ ಇದೆ. ಎಂಜಿನ್ ಗಟ್ಟಿಮುಟ್ಟು.

ವಾಸ್ತವ: ಏರಿದ್ದರೇ ಹೆದರಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಹೊಗೆ ನಿಯಮ ಬಂದ ಮೇಲೆ ಹೊಸ ಡೀಸೆಲ್ ಕಾರಿನ ಹೊಗೆಯ ಹಾದಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಬಂದು ಕೂತಿದೆ. ಅದು ತುಂಬಿದಾಗ ಮಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡಬೇಕು. ಆ ಕಾವಿಗಾಗಿ ಅನೇಕ ಎಂಜಿನ್ನುಗಳು ಸಿಲಿಂಡರಿಗೇ ತಡವಾಗಿ ಇನ್ನಷ್ಟು ಡೀಸೆಲ್ ಚಿಮ್ಮಿಸುತ್ತವೆ; ಅದರಲ್ಲೊಂದು ಪಾಲು ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಹೆದ್ದಾರಿಯಲ್ಲಿ ಸುಡುವ ಕೆಲಸ ಒಂದೇ ಉಸಿರಿಗೆ ಮುಗಿಯುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವವರಿಗೆ ಆ ಭಾಗ್ಯವಿಲ್ಲ: ಅರ್ಧಕ್ಕೇ ನಿಂತು, ಮತ್ತೆ ಶುರುವಾಗಿ, ಪ್ರತಿ ಸಲವೂ ಆಯಿಲ್ ಇನ್ನಷ್ಟು ತೆಳುವಾಗುತ್ತದೆ. ಪೆಟ್ರೋಲಿನಂತೆ ಡೀಸೆಲ್ ಸುಲಭವಾಗಿ ಆವಿಯಾಗುವುದೂ ಇಲ್ಲ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆ ದಾಟಿದ್ದರೆ ಕಿಲೋಮೀಟರ್ ಲೆಕ್ಕ ಬದಿಗಿಟ್ಟು ಗ್ಯಾರೇಜಿಗೆ ಒಯ್ಯಿರಿ.

ತಪ್ಪು ಕಲ್ಪನೆ: ಆಯಿಲ್ ದಪ್ಪವಿದ್ದಷ್ಟೂ ಎಂಜಿನ್‌ಗೆ ಒಳ್ಳೆಯದು.

ವಾಸ್ತವ: ಇದು ಅಂಬಾಸಡರ್ ಕಾಲದ ಮಾತು. ಚಳಿಯ ಬೆಳಗಿನಲ್ಲಿ ದಪ್ಪ ಆಯಿಲ್ ಟರ್ಬೊ ತಲುಪುವುದೇ ತಡ. ಡಿಪಿಎಫ್ ಇರುವ ಕಾರಿಗೆ ಇನ್ನೂ ಒಂದು ತೊಡಕು: ಎಂಜಿನ್ ಸುಡುವ ಅಷ್ಟಿಷ್ಟು ಆಯಿಲ್‌ನ ಲೋಹಾಂಶ ಬೂದಿಯಾಗಿ ಡಿಪಿಎಫ್‌ನಲ್ಲೇ ಕೂರುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಇನ್ನೇನು ಸುಡುವುದು? ಅದಕ್ಕೇ ಇಂಥ ಕಾರುಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಯಾವ ದರ್ಜೆಯದು ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಡಬ್ಬಿಯ ಹಿಂಬದಿಯ ಬರಹಕ್ಕೆ ತಾಳೆ ಹಾಕಿ.

ತಪ್ಪು ಕಲ್ಪನೆ: ವರ್ಷವಾದರೇನು, ಓಡಿದ್ದು ನಾಲ್ಕೇ ಸಾವಿರ ಕಿಲೋಮೀಟರ್.

ವಾಸ್ತವ: ಸಿಗ್ನಲ್ಲಿನಲ್ಲಿ ಎಂಜಿನ್ ಉರಿದ ಹೊತ್ತು ಓಡೋಮೀಟರಿಗೆ ಗೊತ್ತಾಗುವುದಿಲ್ಲ. ಮಾರುಕಟ್ಟೆವರೆಗಿನ ಕಿರು ಓಟಗಳಲ್ಲಿ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ನೀರಿನ ಅಂಶ ಒಳಗೇ ಉಳಿಯುತ್ತದೆ. ಅನೇಕ ಕಾರುಗಳ ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. ಕಠಿಣ ಬಳಕೆಗೆಂದು ಇನ್ನೂ ಬಿಗಿಯಾದ ಬೇರೆ ಪಟ್ಟಿಯನ್ನೂ ಕೊಟ್ಟಿರುತ್ತಾರೆ: ಧೂಳಿನ ರಸ್ತೆ, ಕಿರು ಓಟ, ನಿಂತು ಸಾಗುವ ಟ್ರಾಫಿಕ್. ನಮ್ಮ ನಗರಗಳ ಬಹುಪಾಲು ಕಾರುಗಳು ಸೇರುವುದು ಈ ಎರಡನೆಯ ಪಟ್ಟಿಗೇ.