ಪಟ್ಟಿಯಲ್ಲಿಲ್ಲದ ದೇವರ ಹಿಪ್ಪರಗಿ

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿಗರ ದೊಡ್ಡ ದೊಡ್ಡ ಹಡಗುಗಳು ಬರುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಬೆಳಗ್ಗೆ ಬಂದು ಸಂಜೆ ಹೊರಡುವ ಕ್ರೂಸ್ ಹಡಗುಗಳು. ಇಳಿದವರು ಬಸ್ಸು, ಟ್ಯಾಕ್ಸಿಗಳಲ್ಲಿ ಹಂಚಿಹೋಗುತ್ತಾರೆ. ಕೆಲವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕೆಲವರು ಕಾರ್ಕಳಕ್ಕೆ, ಕೆಲವರು ಕುದ್ರೋಳಿಗೆ, ಇನ್ನು ಕೆಲವರು ಗೇರುಬೀಜದ ಫ್ಯಾಕ್ಟರಿ ನೋಡಿ, ಮಾರ್ಕೆಟಿನಲ್ಲಿ ಒಂದು ಸುತ್ತು ಹಾಕಿ ವಾಪಸ್. ನಮ್ಮ ಮೊಹಲ್ಲಾದಲ್ಲಿ ಟೂರಿಸ್ಟ್ ಕಾರು ಓಡಿಸುವ ಒಬ್ಬರಿದ್ದಾರೆ. ಅವರು ಹೇಳುವುದು, "ಉಸ್ತಾದ್, ಆ ಜನ ಎಲ್ಲವನ್ನೂ ನೋಡಲು ಹೋಗುವುದೇ ಇಲ್ಲ. ಎರಡು ನೋಡುತ್ತಾರೆ, ಮೂರನೆಯದಕ್ಕೆ ಹೊತ್ತಿಲ್ಲ ಅಂದರೆ ಬಿಟ್ಟು ಬರುತ್ತಾರೆ. ಹಡಗು ಹೊರಡುವ ಗಂಟೆ ಒಂದೇ ಅವರ ತಲೆಯಲ್ಲಿರುವುದು."

ಈ ಮಾತನ್ನು ಇಲ್ಲಿ ಬರೆಯಲು ಕಾರಣ ಉಂಟು. ಕಳೆದ ಡಿಸೆಂಬರಿನಲ್ಲಿ ನಾವು ಇಪ್ಪತ್ತೆರಡು ಮಂದಿ ಕೂಡಿ ಒಂದು ಪ್ರವಾಸ ಹೊರಟೆವು. ಗಂಡಸರು, ಹೆಂಗಸರು, ಏಳು ಮಕ್ಕಳು, ಎಪ್ಪತ್ತು ದಾಟಿದ ಒಬ್ಬ ಉಮ್ಮ. ಮದ್ರಸದ ಕೋಣೆಯಲ್ಲಿ ಇಶಾ ನಮಾಝಿನ ಬಳಿಕ ಐದು ರಾತ್ರಿ ಕೂತು ಯೋಜನೆ ಹಾಕಿದೆವು. ಹಾಕಿದ ಯೋಜನೆಯಲ್ಲಿ ಒಂದು ದೊಡ್ಡ ತೂತು ಇತ್ತು. ಅದು ಕಂಡದ್ದು ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ.

ಮೊದಲ ರಾತ್ರಿಯ ಮಾತೆಲ್ಲ ಹಡಗಿನದ್ದೇ. ಯುವಕರಿಗೆ ಲಕ್ಷದ್ವೀಪಕ್ಕೆ ಹೋಗಬೇಕು. ಬಂದರಿನ ದಕ್ಕೆಯಲ್ಲಿ ದ್ವೀಪದ ಜನರನ್ನು, ಅವರ ಮಂಜಿಗಳನ್ನು ನೋಡಿ ಬೆಳೆದವರಿಗೆ ಆ ಆಸೆ ಸಹಜ. ಆದರೆ ದ್ವೀಪಕ್ಕೆ ಪ್ರತಿಯೊಬ್ಬರಿಗೂ ಪರ್ಮಿಟ್ ಬೇಕು, ಇಪ್ಪತ್ತೆರಡು ಮಂದಿಗೆ ಒಂದೇ ಹಡಗಿನಲ್ಲಿ ಸೀಟು ಸಿಗಬೇಕು, ರಜೆ ಹೊಂದಬೇಕು. ನಮ್ಮ ಉಮ್ಮ ಮಾತ್ರ ಹಡಗು ಅಂದಾಗ ಕಣ್ಣರಳಿಸಿದರು. ಅವರ ಬಾಪ ಮುಂಬೈಯಿಂದ ಜಿದ್ದಾಕ್ಕೆ ಹಡಗಿನಲ್ಲೇ ಹಜ್ಜಿಗೆ ಹೋದವರು. ಆ ಹಡಗು ಸಂಚಾರ 1995ರಲ್ಲಿ ನಿಂತುಹೋಯಿತು. ಅಕ್ಕಿ, ಒಣಮೀನು, ಉಪ್ಪಿನಕಾಯಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. "ಅವರ ಪೆಟ್ಟಿಗೆಯಲ್ಲಿ ಅರ್ಧ ಊಟದ ಸಾಮಾನೇ ಇತ್ತು" ಅಂತ ಉಮ್ಮ ಹೇಳಿದರು. ನಾವು ನಕ್ಕು ಮುಂದೆ ಹೋದೆವು. ನಗಬಾರದಿತ್ತು.

ಕೊನೆಗೆ ನೆಲದ ದಾರಿಯೇ ಗಟ್ಟಿಯಾಯಿತು. ಮಂಗಳೂರಿನಿಂದ ವಿಜಯಪುರಕ್ಕೆ 2019ರಿಂದ ರೈಲು ಉಂಟು. ಸಕಲೇಶಪುರದ ಘಾಟಿ ಹತ್ತಿ ಹಾಸನ, ಹುಬ್ಬಳ್ಳಿ, ಗದಗ, ಬಾಗಲಕೋಟೆ ದಾಟಿ ಮರುದಿನ ಬೆಳಗ್ಗೆ ಮುಟ್ಟಿಸುತ್ತದೆ. ಅಲ್ಲಿ ಒಂದು ಮಿನಿ ಬಸ್ ಬಾಡಿಗೆಗೆ. ವಿಜಯಪುರ ನೋಡಿ ಕಲಬುರಗಿಗೆ ಹೋಗಿ ಖ್ವಾಜಾ ಬಂದೇ ನವಾಝರ ಝಿಯಾರತ್ ಮಾಡಿ ವಾಪಸ್. ಆದರೆ ಎರಡನೇ ರಾತ್ರಿ ಪಟ್ಟಿ ಬರೆಯುತ್ತಾ ಹೋದಂತೆ ಹದಿನಾಲ್ಕು ಜಾಗ ಆಯಿತು! ಆಲಮಟ್ಟಿ ಡ್ಯಾಂ, ಬಾದಾಮಿ, ಐಹೊಳೆ, ತಾಳಿಕೋಟೆ, ಎಲ್ಲವೂ ಬಂತು. ಮೂರು ದಿನದಲ್ಲಿ ಹದಿನಾಲ್ಕು ಜಾಗ ಅಂದರೆ ಬಸ್ಸಿನ ಕಿಟಕಿಯನ್ನೇ ನೋಡಿ ಬರಬೇಕು.

ಕತ್ತರಿ ಹಾಕಲು ಕೂತಾಗ ಜಗಳ ಶುರು. ಆಲಮಟ್ಟಿ ಇರಲಿ, ಅಲ್ಲಿ ಉದ್ಯಾನ ಉಂಟು, ಬೋಟ್ ಉಂಟು, ಹಡಗಂತೂ ತಪ್ಪಿತು, ಬೋಟಾದರೂ ಸಿಗಲಿ ಎಂದು ಯುವಕರು. ಕಲಬುರಗಿ ದೂರ, ವಿಜಯಪುರದಿಂದ ಮತ್ತೆ ಸುಮಾರು 160 ಕಿಲೋಮೀಟರ್, ಅದನ್ನು ಬಿಡೋಣ ಎಂದು ಅವರದೇ ವಾದ. ಉಮ್ಮ ಹೊರಟದ್ದೇ ಕಲಬುರಗಿಗಾಗಿ. ಹಲವು ವರ್ಷದ ಆಸೆ ಅದು. ಅವರು ಜಗಳ ಮಾಡಲಿಲ್ಲ, "ಮಕ್ಕಳಿಗೆ ಖುಷಿಯಾಗುವಂತೆ ಮಾಡಿ, ನಾನು ಮನೆಯಲ್ಲಿರುತ್ತೇನೆ" ಅಂದರು ಅಷ್ಟೆ. ಈ ಮಾತು ಬಂದ ಮೇಲೆ ಆ ರಾತ್ರಿ ಚಾ ಕುಡಿಯದೆ ಎದ್ದೆವು. ಪ್ರವಾಸ ಅಲ್ಲಿಗೇ ಮುರಿದುಬಿತ್ತು ಅಂತ ನಾವು ತಿಳಿದುಕೊಂಡಿದ್ದೆವು.

ಕಾರಿನವರೇ ಮರುದಿನ ಹಡಗಿನ ಲೆಕ್ಕ ಹೇಳಿದ್ದು. ಪ್ರತಿಯೊಬ್ಬರೂ ಒಂದೇ ಒಂದು ಜಾಗದ ಹೆಸರು ಚೀಟಿಯಲ್ಲಿ ಬರೆಯಲಿ, ಇದು ತಪ್ಪಿದರೆ ಬರುವುದೇ ಬೇಡ ಅನ್ನುವಂಥದ್ದು ಮಾತ್ರ. ಬರೆಸಿದೆವು. ಹದಿನಾಲ್ಕರಲ್ಲಿ ಉಳಿದದ್ದು ಐದು. ಬಾದಾಮಿಯ ಹೆಸರನ್ನು ಒಬ್ಬರೂ ಬರೆದಿರಲಿಲ್ಲ, ಜೋರಾಗಿ ವಾದಿಸಿದವರು ಸಹ! ಆಲಮಟ್ಟಿಗೆ ಮೂರು ಚೀಟಿ ಬಂದಿತ್ತು. ಆ ಮೂವರೂ ಉಮ್ಮನ ಮುಖ ನೋಡಿ ತಾವೇ ಬಿಟ್ಟುಕೊಟ್ಟರು. ಬೆಳಗಿನ ರೈಲು ಕೃಷ್ಣೆ ದಾಟುವಾಗ ಬಾಗಿಲಲ್ಲಿ ನಿಂತು ನೀರು ನೋಡಿಕೊಂಡರು, ಅದೇ ಅವರ ಪಾಲಿನ ಬೋಟು.

ವಿಜಯಪುರ ಮುಟ್ಟಿದ್ದು ಶುಕ್ರವಾರ. ಬೇಕೆಂದೇ ಆ ದಿನ ಹಿಡಿದದ್ದು. ಗೋಲ್ ಗುಂಬಝಿನ ಮುಂದಿನ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ, ಗೊತ್ತಿತ್ತು. ಆದರೆ ಜುಮಾ ಮಸ್ಜಿದಿನಲ್ಲಿ ಜುಮಾ ಸಿಗುತ್ತದಲ್ಲ! ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ ಶುರುವಾದ ಮಸೀದಿ ಅದು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮುಸಲ್ಲಾದ ಚೌಕ ಗುರುತು ಮಾಡಿದ್ದಾರೆ, ಒಟ್ಟು 2,250. ನಮ್ಮ ಮಕ್ಕಳು ಚೌಕದೊಳಗೆ ಕಾಲಿಟ್ಟು ಅಲುಗದೆ ಕೂತರು. ಮದ್ರಸದಲ್ಲಿ ಇಷ್ಟು ಶಿಸ್ತು ನಾವು ಕಂಡಿಲ್ಲ.

ಅಲ್ಲೊಂದು ಸಣ್ಣ ಪೆಟ್ಟು ತಿಂದೆವು. ಪಟ್ಟಿಯಲ್ಲಿ "ಅಸರ್ ಬಾಂಗ್ ಆದ ಕೂಡಲೇ ಇಬ್ರಾಹಿಂ ರೋಜಾದಿಂದ ಹೊರಡುವುದು" ಎಂದು ಬರೆದಿದ್ದೆವು. ಬಾಂಗ್ ಬರುವುದೇ ಇಲ್ಲ. ಆ ಕಡೆಯ ಮಸೀದಿಗಳು ಹೆಚ್ಚಾಗಿ ಹನಫಿಗಳದ್ದು, ನಾವು ಶಾಫಿಗಳು. ಅವರ ಅಸರ್ ನಮ್ಮದಕ್ಕಿಂತ ಮುಕ್ಕಾಲು ಗಂಟೆಯಷ್ಟು ತಡ. ಕಿತಾಬಿನಲ್ಲಿ ಎಷ್ಟೋ ಸಲ ಕಲಿಸಿದ ವಿಷಯ, ಪಟ್ಟಿ ಬರೆಯುವಾಗ ನೆನಪಾಗಲಿಲ್ಲ. ಮಲಿಕ್-ಎ-ಮೈದಾನ್ ಫಿರಂಗಿಯನ್ನು ಮಬ್ಬು ಬೆಳಕಿನಲ್ಲಿ ನೋಡಿದೆವು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕದ್ದು. ಬಾರಾ ಕಮಾನು ಬಿಟ್ಟೇಹೋಯಿತು.

ಆದರೆ ತಡವಾದದ್ದರಿಂದ ಒಂದು ಒಳ್ಳೆಯದೂ ಆಯಿತು. ಇಬ್ರಾಹಿಂ ರೋಜಾದಲ್ಲಿ ಕಲ್ಲಿನ ಕಿಟಕಿಗಳ ಜಾಲರಿಯೇ ಅರಬಿ ಅಕ್ಷರ. ಎರಡನೇ ಇಬ್ರಾಹಿಂ ಆದಿಲ್ ಶಾಹ ಮತ್ತು ಅವನ ಬೀವಿ ತಾಜ್ ಸುಲ್ತಾನಾ ಮಲಗಿರುವ ಜಾಗ. ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ನಮ್ಮ ಉಮ್ಮನಿಗೆ ಕನ್ನಡ ಬೋರ್ಡು ಓದಲು ಬರುವುದಿಲ್ಲ. ಕುರ್‌ಆನ್ ಓದಲು ಬರುತ್ತದೆ. ಊರುಗೋಲು ಮೊಮ್ಮಗನ ಕೈಗೆ ಕೊಟ್ಟು, ಗೋಡೆಗೆ ಹತ್ತಿರ ನಿಂತು, ಒಂದೊಂದೇ ಅಕ್ಷರ ಕೂಡಿಸುತ್ತಾ ಓದಿದರು. ಎಡವಿದಲ್ಲಿ ನಮ್ಮನ್ನು ನೋಡುತ್ತಿದ್ದರು. ಆ ಬಳ್ಳಿಬಳ್ಳಿಯ ಬರಹದಲ್ಲಿ ಎರಡು ಕಡೆ ನಾವೂ ಎಡವಿದೆವು, ಅದನ್ನು ಮಕ್ಕಳಿಗೆ ಹೇಳಲಿಲ್ಲ.

ಶನಿವಾರ ಬೆಳಗ್ಗೆ ಗೋಲ್ ಗುಂಬಝ್. ಡಿಸೆಂಬರಿನಲ್ಲಿ ಹೋಗುವವರಿಗೆ ಒಂದು ಕಿವಿಮಾತು: ಶಾಲಾ ಪ್ರವಾಸದ ಬಸ್ಸುಗಳು ಬರುವ ಮೊದಲು ಹೋಗಿಬಿಡಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿರುವ ಆ ಗುಮ್ಮಟದಲ್ಲಿ ಪಿಸುಮಾತು ಆಚೆ ಬದಿಗೆ ಕೇಳುತ್ತದೆ ಎನ್ನುವುದು ನಿಜ. ಆದರೆ ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಪಿಸುಮಾತನ್ನು ಕೇಳುವವರು ಯಾರು! ಮೂಲೆಯ ಗೋಪುರದೊಳಗೆ ಏಳು ಅಂತಸ್ತು ಹತ್ತಬೇಕು, ಮೆಟ್ಟಿಲು ಇಕ್ಕಟ್ಟು, ಎತ್ತರ. ಮಂಡಿನೋವಿನವರಿಗೆ ಸಾಧ್ಯವಿಲ್ಲ. ಉಮ್ಮನೊಂದಿಗೆ ಕೆಳಗೆ ಯಾರು ಕೂರಬೇಕು ಎಂದು ಮೊದಲೇ ಪಾಳಿ ಹಾಕಿದ್ದೆವು, ಅದೊಂದು ನಾವು ಸರಿ ಮಾಡಿದ ಕೆಲಸ. ಮೇಲೆ ಹೋದ ಮಕ್ಕಳು ಇಳಿದು ಬರುವಾಗ ಮಾತ್ರ ಹೇಳಿದ ಹೊತ್ತಿಗಿಂತ ಒಂದೂವರೆ ಗಂಟೆ ತಡವಾಗಿತ್ತು.

ಬಸ್ಸು ಹೊರಟಾಗ ಮಧ್ಯಾಹ್ನ ಹನ್ನೆರಡು ಕಳೆದಿತ್ತು. ಊಟ ಸಿಂದಗಿಯಲ್ಲಿ ಎಂದುಕೊಂಡಿದ್ದೆವು. ಪಟ್ಟಿಯಲ್ಲಿ ಅಲ್ಲ, ಬಾಯಿಮಾತಿನಲ್ಲಿ. ನಮ್ಮ ಪಟ್ಟಿಯಲ್ಲಿ ಗೋರಿ ಇತ್ತು, ಫಿರಂಗಿ ಇತ್ತು, ನಮಾಝಿನ ಹೊತ್ತು ಇತ್ತು. ಊಟದ ಹೊತ್ತು ಇರಲಿಲ್ಲ. ಹೆಂಗಸರಿಗೆ ಶೌಚಾಲಯ ಎಲ್ಲಿ ಸಿಗುತ್ತದೆ ಎಂಬುದೂ ಇರಲಿಲ್ಲ. ಐದು ರಾತ್ರಿ ಕೂತದ್ದು ಗಂಡಸರೇ ಅಲ್ವಾ?

ರಸ್ತೆಯ ಎರಡೂ ಬದಿ ಕರಿಮಣ್ಣು, ಜೋಳ, ತೊಗರಿ. ನಮ್ಮ ಊರಿನ ಹಾಗೆ ಹತ್ತು ಹೆಜ್ಜೆಗೊಂದು ಮನೆ, ಅಂಗಡಿ ಇಲ್ಲ. ಒಂದು ಗಂಟೆ ಕಳೆದಿರಬೇಕು, ಹಿಂದಿನ ಸೀಟಿನಿಂದ ಕೂಗು ಬಂತು. ಉಮ್ಮನ ಮೈಯೆಲ್ಲ ಬೆವರು, ಕೈ ನಡುಗುತ್ತಿದೆ, ಕೇಳಿದ್ದಕ್ಕೆ ಉತ್ತರ ಸರಿ ಇಲ್ಲ. ಬೆಳಗ್ಗೆ ಶುಗರಿನ ಗುಳಿಗೆ ತೆಗೆದುಕೊಂಡಿದ್ದಾರೆ, ತಿಂದದ್ದು ಒಂದು ಇಡ್ಲಿ. ಗುಳಿಗೆ ತಿಂದು ಊಟ ತಡವಾದರೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ ಎನ್ನುವುದು ಮನೆಯಲ್ಲಿ ಶುಗರ್ ಇರುವ ಎಲ್ಲರಿಗೂ ಗೊತ್ತು. ನಮಗೂ ಗೊತ್ತಿತ್ತು. ಬಸ್ಸಿನಲ್ಲಿ ಇಪ್ಪತ್ತೆರಡು ಮಂದಿಯ ಚೀಲ ಹುಡುಕಿದರೆ ಒಂದು ಚಮಚ ಸಕ್ಕರೆ ಇಲ್ಲ. ಖಾರದ ಮಿಕ್ಸ್ಚರ್ ಇತ್ತು.

ಡ್ರೈವರ್ ವೇಗವಾಗಿ ಓಡಿಸಿ ನಿಲ್ಲಿಸಿದ ಊರು ದೇವರ ಹಿಪ್ಪರಗಿ. ರಸ್ತೆ ಬದಿಯ ಒಂದು ಸಣ್ಣ ಖಾನಾವಳಿ. ನಾಲ್ಕು ಜನ ಹಿಡಿದು ಇಳಿಸುವಾಗಲೇ ಒಳಗಿನಿಂದ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಕೈ ಒರೆಸಿಕೊಂಡು ಬಂದರು. "ಏನಾಗ್ಯಾದ್ರಿ ಅವ್ವಾರಿಗೆ? ಶುಗರ್ ಐತೇನು? ಬೆಲ್ಲ ಕೊಡ್ರಿ ಮೊದ್ಲ" ಅಂದವರೇ ತಾವೇ ಬೆಲ್ಲ ನೀರಿನಲ್ಲಿ ಕದಡಿ ತಂದು ಕುಡಿಸಿದರು. ಉಮ್ಮನನ್ನು ಒಳಗೆ ಕರೆದೊಯ್ದು ತಮ್ಮ ಹಾಸಿಗೆಯ ಮೇಲೆ ಮಲಗಿಸಿದರು. ನಮ್ಮ ಹೆಂಗಸರೆಲ್ಲ ಒಳಗೆ ಹೋದರು. ಗಂಡಸರು ಹೊರಗೆ ನಿಂತೆವು, ಯಾರೂ ಯಾರ ಮುಖ ನೋಡಲಿಲ್ಲ.

ಹತ್ತು ಹದಿನೈದು ನಿಮಿಷದಲ್ಲಿ ಒಳಗಿನಿಂದ ಉಮ್ಮನ ದನಿ ಕೇಳಿತು. ಅಲ್‌ಹಮ್ದುಲಿಲ್ಲಾಹ್. ಊರಿನ ಡಾಕ್ಟರೊಬ್ಬರಿಗೂ ತೋರಿಸಿದೆವು, ಹೊಟ್ಟೆ ತುಂಬ ಊಟ ಮಾಡಿಸಿ ಒಂದು ಗಂಟೆ ಬಿಟ್ಟು ಹೊರಡಿ ಅಂದರು.

ಹಾಗೆ ಆ ಊರು ನಮಗೆ ಸಿಕ್ಕಿತು. ಹಿಂದೆ ಸಿಂದಗಿ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ಊರು. ಹನ್ನೆರಡನೇ ಶತಮಾನದ ಶರಣ ಮಡಿವಾಳ ಮಾಚಿದೇವರು ಹುಟ್ಟಿದ್ದು ಇಲ್ಲಿಯೇ ಎಂದು ಖಾನಾವಳಿಯ ಯಜಮಾನರು ಹೇಳಿದರು. ರಾವುತರಾಯನ ಜಾತ್ರೆಯ ವಿಷಯ ಹೇಳಿದರು, ಆಗ ಬನ್ನಿ ಅಂದರು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಅಕ್ಕಿ ಪತ್ತಿರ್ ತಿಂದು ಬೆಳೆದ ನಮ್ಮ ಮಕ್ಕಳು ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡರು.

ನಮಾಝಿಗೆ ಊರಿನ ಮಸೀದಿಗೆ ಹೋದೆವು. ಪ್ರಯಾಣಿಕರಾದ್ದರಿಂದ ಳುಹರ್ ಮತ್ತು ಅಸರ್ ಜಂಅ್ ಮಾಡಿ, ಕಸ್ರ್ ಮಾಡಿ ಮುಗಿಸಿದೆವು. ಎರಡು ಗಂಟೆಗೇ ಅಸರ್ ನಮಾಝ್ ಮಾಡಿದ್ದನ್ನು ನೋಡಿದ ಹಿರಿಯರೊಬ್ಬರು ಹತ್ತಿರ ಬಂದು ದಖ್ಖನಿಯಲ್ಲಿ ಏನೋ ಕೇಳಿದರು. ನಮ್ಮ ಮುರುಕು ಉರ್ದು ಅವರಿಗೆ ಹಿಡಿಯಲಿಲ್ಲ. ನಾವು ನಮ್ಮೊಳಗೆ ಬ್ಯಾರಿಯಲ್ಲಿ ಮಾತಾಡಿಕೊಂಡದ್ದು ಮಲಯಾಳಮೋ ತಮಿಳೋ ಎಂದು ಅವರಿಗೆ ಸಂಶಯ. ಕೊನೆಗೆ ಅವರೇ "ಕನ್ನಡ ಬರ್ತೈತಿಲ್ರಿ?" ಅಂದರು. ಶಾಫಿ ಮದ್‌ಹಬಿನ ಮಸ್‌ಅಲಾವನ್ನು ನಾವು ಮಂಗಳೂರು ಕನ್ನಡದಲ್ಲಿ ಹೇಳಿದೆವು, ಅವರು ತಮ್ಮ ಹನಫಿ ಲೆಕ್ಕವನ್ನು ವಿಜಯಪುರದ ಕನ್ನಡದಲ್ಲಿ ಹೇಳಿದರು. ಇಬ್ಬರಿಗೂ ಅರ್ಥವಾಯಿತು. ಹೊರಡುವಾಗ ಒಂದು ಚೀಲ ಲಿಂಬೆಹಣ್ಣು ಕೊಟ್ಟರು. ಆ ಸೀಮೆಯ ಲಿಂಬೆಗೆ ದೊಡ್ಡ ಹೆಸರು.

ಕಲಬುರಗಿ ಮುಟ್ಟಿದಾಗ ಮಗ್ರಿಬ್ ಕಳೆದಿತ್ತು. ಕೋಟೆಯೊಳಗಿನ ಜಾಮಿಯಾ ಮಸೀದಿ ತಪ್ಪಿತು. 1367ರದ್ದು, ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ್ದು, ನಮ್ಮ ಚೀಟಿಯಲ್ಲಿ ಬರೆದದ್ದು ಅದೇ. ಇರಲಿ. 1422ರಲ್ಲಿ ವಫಾತ್ ಆದ ಖ್ವಾಜಾರ ದರ್ಗಾಕ್ಕೆ ಹೋದೆವು. ಉಮ್ಮ ಅಂಗಳದಲ್ಲಿ ತುಂಬಾ ಹೊತ್ತು ಕೂತರು. ಯಾರೂ ಗಡಿಯಾರ ನೋಡಲಿಲ್ಲ.

ಭಾನುವಾರ ಬೆಳಗ್ಗೆ ಅದೇ ದಾರಿಯಲ್ಲಿ ವಾಪಸ್. ವಿಜಯಪುರದ ರೈಲು ಹಿಡಿಯಬೇಕು, ನಿಲ್ಲಿಸಲು ಹೊತ್ತಿಲ್ಲ ಎಂದು ಒಬ್ಬರು ಶುರು ಮಾಡಿದರು. ಆಲಮಟ್ಟಿ ಬಿಟ್ಟುಕೊಟ್ಟ ಹುಡುಗರೇ ಎದ್ದುನಿಂತು ಡ್ರೈವರಿಗೆ ಹೇಳಿದರು, ದೇವರ ಹಿಪ್ಪರಗಿಯಲ್ಲಿ ಹತ್ತು ನಿಮಿಷ. ಉಮ್ಮ ಕಲಬುರಗಿಯಲ್ಲಿ ಕೊಂಡಿದ್ದ ಸಿಹಿಯ ಪೊಟ್ಟಣವನ್ನು ಆ ಹೆಂಗಸಿನ ಕೈಗಿಟ್ಟರು. ಇವರಿಗೆ ಬ್ಯಾರಿ ಬಿಟ್ಟರೆ ಅಷ್ಟಿಷ್ಟು ತುಳು, ಅವರಿಗೆ ಕನ್ನಡ ಬಿಟ್ಟರೆ ಬೇರೆ ಇಲ್ಲ. ಆದರೂ ಹತ್ತು ನಿಮಿಷ ಇಬ್ಬರೂ ಮಾತಾಡಿದರು.

ಈಗ ಮತ್ತೆ ಲಕ್ಷದ್ವೀಪದ ಮಾತು ಎದ್ದಿದೆ. ಮೊನ್ನೆ ಸಭೆ ಕೂತಾಗ ಹೆಂಗಸರನ್ನೂ ಕರೆದಿದ್ದೆವು. ಪಟ್ಟಿ ಬರೆಯುವ ಪುಸ್ತಕವನ್ನು ಅವರೇ ಎತ್ತಿಕೊಂಡರು. ಮೊದಲ ಪುಟ ಪೂರ್ತಿ ಊಟದ ಹೊತ್ತು, ಗುಳಿಗೆಯ ಹೊತ್ತು, ಯಾರ ಚೀಲದಲ್ಲಿ ಬೆಲ್ಲ ಎಂಬುದರದ್ದು. ದ್ವೀಪದ ಹೆಸರು ಇನ್ನೂ ಬರೆದಿಲ್ಲ. ಉಮ್ಮ ಮಾತ್ರ ತಮ್ಮ ಪಾಲಿನ ಐನೂರು ರೂಪಾಯಿ ಮುಂಗಡ ಕೊಟ್ಟು ಹೋಗಿದ್ದಾರೆ.